ಪಬ್ಜಿ ಮದನ್ ಪ್ರಕರಣ: ಮೊಬೈಲ್ ಆಟದಲ್ಲಿ ಹೆಣ್ಣು ಅಂದರೆ ಬರೀ ಗೊಂಬೆಯೇ?

ಧರ್ಮಪುರಿ: ಚೆನ್ನೈ ಪೊಲೀಸರು ಧರ್ಮಪುರಿಗೆ ಬಂದು ಯೂಟ್ಯೂಬ್ ಆಟಗಾರನೊಬ್ಬನನ್ನು ಹಿಡಿದುಕೊಂಡು ಹೋದದ್ದು 2021ರ ಜೂನ್ 18ರಂದು. ಹೆಸರು ಮದನ್, ಮೂಲ ಊರು ಸೇಲಂ. ತಮಿಳುನಾಡಿನ ಹುಡುಗರಿಗೆಲ್ಲ ಆತ 'ಪಬ್ಜಿ ಮದನ್' ಅಂತಲೇ ಪರಿಚಯ. ಅವನ ಚಾನೆಲ್‌ಗಳಿಗೆ ಲಕ್ಷಗಟ್ಟಲೆ ಚಂದಾದಾರರಿದ್ದರು. ಒಂದು ಚಾನೆಲ್‌ನ ಹೆಸರೇ 'ಟಾಕ್ಸಿಕ್ ಮದನ್ 18+'. ಇದಕ್ಕೆ ಎರಡು ದಿನ ಮೊದಲು ಸೇಲಂನಲ್ಲಿ ಆತನ ಪತ್ನಿಯ ಬಂಧನವೂ ಆಗಿತ್ತು. ನೇರ ಪ್ರಸಾರದಲ್ಲಿ ಪಬ್ಜಿ ಆಡುತ್ತಾ ಹೆಂಗಸರ ಬಗ್ಗೆ, ಜೊತೆಯಲ್ಲಿ ಆಡಲು ಬಂದ ಹುಡುಗಿಯರ ಬಗ್ಗೆ ಅತ್ಯಂತ ಅಶ್ಲೀಲವಾಗಿ ಮಾತನಾಡಿದ ಎಂಬುದು ಮುಖ್ಯ ಆರೋಪ. ನೆರವಿನ ಹೆಸರಿನಲ್ಲಿ ಹಣ ಸಂಗ್ರಹಿಸಿದ ಆರೋಪವೂ ಸೇರಿಕೊಂಡಿತು.

ಬಂಧನದ ಹಿಂದಿನ ದಿನ ಆತನ ನಿರೀಕ್ಷಣಾ ಜಾಮೀನು ಅರ್ಜಿ ಮದ್ರಾಸ್ ಹೈಕೋರ್ಟಿನ ನ್ಯಾಯಮೂರ್ತಿ ಎಂ. ದಂಡಪಾಣಿ ಅವರ ಮುಂದೆ ಬಂದಿತ್ತು. ಆ ಮಾತುಗಳು ಕಿವಿಯಲ್ಲಿ ಕೇಳುವಂತಿಲ್ಲ ಎಂಬ ಬೇಸರ ನ್ಯಾಯಪೀಠದಿಂದಲೇ ಹೊರಬಿತ್ತು. ವಾದ ಮಾಡುವ ಮೊದಲು ಧ್ವನಿಮುದ್ರಣ ಕೇಳಿಕೊಂಡು ಬನ್ನಿ ಎಂದು ವಕೀಲರಿಗೆ ಸೂಚನೆ ಹೋಯಿತು. ಮುಂದಿನ ತಿಂಗಳು ಗೂಂಡಾ ಕಾಯ್ದೆಯಡಿ ಬಂಧನಾದೇಶವೂ ಬಂತು. ಆರೋಪ ಬೇರೆ, ಅಪರಾಧ ಸಾಬೀತಾಗುವುದು ಬೇರೆ. ಅದನ್ನು ತೀರ್ಮಾನಿಸುವುದು ನ್ಯಾಯಾಲಯದ ಕೆಲಸ. ಆದರೆ ಈ ಪ್ರಕರಣ ಸೇಲಂ, ಧರ್ಮಪುರಿ ಜಿಲ್ಲೆಗಳ ಮನೆಮನೆಗೆ ಒಂದು ಪ್ರಶ್ನೆಯನ್ನು ತಂದಿಟ್ಟಿತು. ಆ ಪ್ರಶ್ನೆ ಇಂದಿಗೂ ಹಾಗೆಯೇ ಇದೆ.

ಆಗ ಟೀ ಅಂಗಡಿಯ ಮುಂದೆ ಕೇಳಿಬಂದ ಮಾತು ಎರಡು ಬಗೆಯದು. 'ಪಬ್ಜಿ ಹುಡುಗರನ್ನು ಕೆಡಿಸಿತು' ಎಂದವರು ಕೆಲವರು. 'ಆಟದ ತಪ್ಪೇನು, ಆಡಿದವನ ನಾಲಿಗೆ ಸರಿಯಿಲ್ಲ' ಎಂದವರು ಇನ್ನು ಕೆಲವರು. ಎರಡೂ ಅರ್ಧ ಸತ್ಯವೇ. ಇಂಥ ಆಟಗಳಲ್ಲಿ ಹೆಣ್ಣನ್ನು ಹೇಗೆ ಚಿತ್ರಿಸಲಾಗಿದೆ, ಆ ಚಿತ್ರದಿಂದ ಹಣ ಮಾಡುವವರು ಯಾರು, ಅದೇ ಆಟಕ್ಕೆ ನಿಜವಾದ ಹುಡುಗಿ ಬಂದರೆ ಅವಳ ಗತಿ ಏನು ಎಂಬ ಮೂರು ಸಂಗತಿಗಳು ಮಾತ್ರ ಚರ್ಚೆಗೆ ಬರಲೇ ಇಲ್ಲ.

ಬ್ರೌಸಿಂಗ್ ಸೆಂಟರ್‌ನಿಂದ ಅಂಗೈಗೆ

2000ರ ದಶಕದಲ್ಲಿ ಕಂಪ್ಯೂಟರ್ ಆಟ ಆಡಬೇಕಾದರೆ ಸೇಲಂಗೋ ಧರ್ಮಪುರಿಗೋ ಹೊಸೂರಿಗೋ ಬಸ್ ಹತ್ತಬೇಕಿತ್ತು. ಬ್ರೌಸಿಂಗ್ ಸೆಂಟರ್‌ನಲ್ಲಿ ಗಂಟೆಗಿಷ್ಟು ಎಂದು ಕೊಟ್ಟು ಆಡಬೇಕಿತ್ತು. ಅಲ್ಲಿಗೆ ಹೋಗುತ್ತಿದ್ದವರು ಬಹುತೇಕ ಹುಡುಗರು. ಹೆಣ್ಣುಮಕ್ಕಳು ಕಾಲಿಟ್ಟರೆ ಅದೇ ಒಂದು ಸುದ್ದಿ. 2011ರ ಸೆಪ್ಟೆಂಬರ್‌ನಲ್ಲಿ ತಮಿಳುನಾಡು ಸರ್ಕಾರ ಉಚಿತ ಲ್ಯಾಪ್‌ಟಾಪ್ ಯೋಜನೆ ಆರಂಭಿಸಿದ ಮೇಲೆ ಸರ್ಕಾರಿ ಶಾಲೆಯ ಹುಡುಗಿಯ ಕೈಗೂ ಒಂದು ಯಂತ್ರ ಬಂತು. ಅನೇಕ ಮನೆಗಳಲ್ಲಿ ಹೆಣ್ಣುಮಗಳ ಹೆಸರಿಗೆ ಬಂದ ಮೊದಲ ಬೆಲೆಬಾಳುವ ವಸ್ತುವೇ ಅದು.

2016ರಲ್ಲಿ ಮೊಬೈಲ್ ಡೇಟಾ ಅಗ್ಗವಾಯಿತು. 2018ರಲ್ಲಿ ಪಬ್ಜಿ ಮೊಬೈಲ್ ಬಂತು. 2020ರ ಮಾರ್ಚ್‌ನಲ್ಲಿ ಕೊರೊನಾದಿಂದ ಶಾಲೆ ಮುಚ್ಚಿ, ಪಾಠ ಫೋನಿಗೆ ಬಂತು. ಪೆನ್ನಾಗರಂ, ಪಾಲಕ್ಕೋಡು, ಮೇಟ್ಟೂರು, ಕೊಳತ್ತೂರು ಕಡೆಯ ಕನ್ನಡ ಮನೆಗಳಲ್ಲಿ, ಸೇಲಂನ ದೇವಾಂಗ ನೇಕಾರರ ಮನೆಗಳಲ್ಲಿ, 2004ರಲ್ಲಿ ಧರ್ಮಪುರಿಯಿಂದ ಬೇರೆಯಾದ ಕೃಷ್ಣಗಿರಿ ಜಿಲ್ಲೆಯ ದೇಂಕಣಿಕೋಟೆ, ತಳಿ ಕಡೆಯ ಹಳ್ಳಿಗಳಲ್ಲಿ ಅಪ್ಪ ಅಮ್ಮ ಸಾಲ ಮಾಡಿಯಾದರೂ ಮಕ್ಕಳಿಗೆ ಫೋನ್ ತೆಗೆದುಕೊಟ್ಟ ಕಾಲ ಅದು. ಬೆಳಿಗ್ಗೆ ಪಾಠ, ಸಂಜೆ ಆಟ. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತಮಿಳು, ಆಟದಲ್ಲಿ ಇವೆರಡರ ಜೊತೆ ಹಿಂದಿ, ಇಂಗ್ಲಿಷ್ ಬೈಗುಳಗಳ ಕಲಬೆರಕೆ.

2020ರ ಸೆಪ್ಟೆಂಬರ್ 2ರಂದು ಕೇಂದ್ರ ಸರ್ಕಾರ ಪಬ್ಜಿ ಸೇರಿದಂತೆ 118 ಆ್ಯಪ್‌ಗಳನ್ನು ನಿಷೇಧಿಸಿತು. ಆಟ ನಿಂತಿತೇ? ಇಲ್ಲ. ಮದನ್ ನಿಷೇಧದ ನಂತರವೂ ವಿಪಿಎನ್ ಮೂಲಕ ಪಬ್ಜಿ ಆಡುತ್ತಿದ್ದ ಎಂದು ಪೊಲೀಸರು ಹೇಳಿದ್ದರು. ಆತನ ವೀಕ್ಷಕರಲ್ಲಿ ಹದಿನೆಂಟು ದಾಟದ ಮಕ್ಕಳು ಬಹಳ ಇದ್ದರು ಎಂಬುದೂ ತನಿಖೆಯ ವೇಳೆ ಹೊರಬಂದ ಮಾತು. ಚಾನೆಲ್ ಹೆಸರಿನಲ್ಲಿದ್ದ '18+' ಮಕ್ಕಳನ್ನು ದೂರವಿಡುವ ಬದಲು ಹತ್ತಿರಕ್ಕೆ ಕರೆಯಿತು. ಹದಿನಾಲ್ಕರ ಹುಡುಗನಿಗೆ ಅದಕ್ಕಿಂತ ದೊಡ್ಡ ಆಹ್ವಾನ ಬೇಕೆ?

ಗೆದ್ದವನಿಗೆ ಬಹುಮಾನವಾಗಿ ಹೆಣ್ಣು

ವಿಡಿಯೋ ಗೇಮ್‌ಗಳಲ್ಲಿ ಹೆಣ್ಣಿನ ಚಿತ್ರಣದ ಕತೆ ಇಂದು ನಿನ್ನೆಯದಲ್ಲ. 1986ರಲ್ಲಿ ಜಪಾನಿನ ನಿಂಟೆಂಡೊ ಕಂಪನಿ 'ಮೆಟ್ರಾಯ್ಡ್' ಎಂಬ ಆಟ ತಂದಿತು. ಅದರಲ್ಲಿ ತಲೆಯಿಂದ ಕಾಲಿನವರೆಗೆ ಕವಚ ತೊಟ್ಟ ವೀರನೊಬ್ಬ ಹೋರಾಡುತ್ತಾನೆ. ಕೊನೆಯಲ್ಲಿ ಗೊತ್ತಾಗುವುದು ಆ ವೀರ ಗಂಡಸಲ್ಲ, ಸ್ಯಾಮಸ್ ಎಂಬ ಹೆಂಗಸು ಅಂತ! ಆ ಕಾಲಕ್ಕೆ ಅದು ದೊಡ್ಡ ವಿಷಯವೇ. ಆದರೆ ಅದರೊಳಗೊಂದು ಲೆಕ್ಕಾಚಾರವಿತ್ತು. ಆಟವನ್ನು ಎಷ್ಟು ಬೇಗ ಮುಗಿಸುತ್ತೀರೋ ಅಷ್ಟು ಕಡಿಮೆ ಬಟ್ಟೆಯಲ್ಲಿ ಆಕೆ ಕಾಣಿಸುತ್ತಾಳೆ. ಆಟವಿಡೀ ಹೋರಾಡಿದವಳು ಆಕೆ, ಬಹುಮಾನವಾಗಿ ಸಿಗುವುದೂ ಆಕೆಯ ಮೈಯೇ.

ಹತ್ತು ವರ್ಷದ ನಂತರ, 1996ರಲ್ಲಿ, ಬ್ರಿಟನ್ನಿನ ಕೋರ್ ಡಿಸೈನ್ ಕಂಪನಿಯಿಂದ 'ಟೂಂಬ್ ರೈಡರ್' ಬಂತು. ಅದರ ನಾಯಕಿ ಲಾರಾ ಕ್ರಾಫ್ಟ್ ಗುಹೆ ಹೊಕ್ಕು ಪುರಾತನ ವಸ್ತು ಹುಡುಕುವ ಧೈರ್ಯವಂತೆ, ಓದಿದವಳು. ಕಂಪನಿಯ ಜಾಹೀರಾತಿನಲ್ಲಿ ಮಾತ್ರ ಅವಳ ಧೈರ್ಯಕ್ಕಿಂತ ಮೈಕಟ್ಟಿಗೇ ಹೆಚ್ಚು ಜಾಗ. ಆ ಪಾತ್ರವನ್ನು ರೂಪಿಸಿದ ಟೋಬಿ ಗಾರ್ಡ್ ಅವಳನ್ನು ಮಾರುಕಟ್ಟೆಗೆ ತಂದ ಈ ರೀತಿ ಹಿಡಿಸದೆ 1997ರಲ್ಲಿ ಕಂಪನಿಯನ್ನೇ ಬಿಟ್ಟು ಹೊರನಡೆದರು. 2013ರಲ್ಲಿ ಅದೇ ಲಾರಾಳನ್ನು ಹೊಸದಾಗಿ ರೂಪಿಸಿದಾಗ ಅವಳ ಮೈಕಟ್ಟು ಸಹಜ ಹೆಂಗಸಿನದಾಯಿತು, ಉಡುಪು ಕಾಡಿನಲ್ಲಿ ತಿರುಗಲು ತಕ್ಕದ್ದಾಯಿತು. ಆಟ ಆಗಲೂ ಚೆನ್ನಾಗಿಯೇ ಮಾರಾಟವಾಯಿತು. ಮೈ ತೋರಿಸದಿದ್ದರೆ ವ್ಯಾಪಾರವಿಲ್ಲ ಎಂಬ ವಾದದ ಬಣ್ಣ ಅಲ್ಲಿಗೆ ಬಯಲಾಯಿತು.

ಅಮೆರಿಕದ ಸಂಶೋಧಕರ ತಂಡವೊಂದು 1983ರಿಂದ 2014ರವರೆಗಿನ ಆಟಗಳಲ್ಲಿ ಆಡಲು ಸಿಗುವ 571 ಹೆಣ್ಣು ಪಾತ್ರಗಳನ್ನು ಪರಿಶೀಲಿಸಿ 2016ರಲ್ಲಿ ವರದಿ ಪ್ರಕಟಿಸಿತು. ಹೆಣ್ಣನ್ನು ಕಾಮದ ವಸ್ತುವಾಗಿ ತೋರಿಸುವ ಪ್ರವೃತ್ತಿ 1990ರ ದಶಕದಲ್ಲಿ ಶಿಖರ ಮುಟ್ಟಿ ಆಮೇಲೆ ಇಳಿಯುತ್ತಾ ಬಂದಿದೆ ಎಂಬುದು ಅದರ ಸಾರ. ಇದು ಒಳ್ಳೆಯ ಸುದ್ದಿ. ಆದರೆ ಕಾದಾಟದ ಆಟಗಳಲ್ಲಿ ಈ ಚಾಳಿ ಹೆಚ್ಚು, ಮುಖ್ಯ ಪಾತ್ರಕ್ಕಿಂತ ಪೋಷಕ ಪಾತ್ರದಲ್ಲಿ ಹೆಚ್ಚು ಎಂಬುದನ್ನೂ ಅದೇ ವರದಿ ಹೇಳಿತು. ನಾಯಕಿ ಬಟ್ಟೆ ತೊಟ್ಟರೂ ಪಕ್ಕದಲ್ಲಿ ನಿಂತವಳಿಗೆ ಆ ಭಾಗ್ಯವಿಲ್ಲ!

ಇನ್ನು ಪಬ್ಜಿಯ ವಿಷಯ. ಆಟದ ಕಂಪ್ಯೂಟರ್ ಆವೃತ್ತಿಯ ಪರೀಕ್ಷೆ ನಡೆಯುತ್ತಿದ್ದಾಗ, 2017ರ ಆಗಸ್ಟ್‌ನಲ್ಲಿ, ಹೆಣ್ಣು ಪಾತ್ರದ ಮೈಯನ್ನು ಅಸಭ್ಯವಾಗಿ ರೂಪಿಸಲಾಗಿದೆ ಎಂದು ಆಟಗಾರರೇ ಎತ್ತಿ ತೋರಿಸಿದರು. ಆಟದ ಸೃಷ್ಟಿಕರ್ತ ಬ್ರೆಂಡನ್ ಗ್ರೀನ್ ಕ್ಷಮೆ ಕೇಳಿದರು. ಆ ಮಾದರಿಯನ್ನು ಬಹಳ ಹಿಂದೆ ಹೊರಗಿನ ಸಂಸ್ಥೆಯೊಂದು ತಯಾರಿಸಿತ್ತು ಎಂಬುದು ಅವರ ಸಮಜಾಯಿಷಿ. ಲಕ್ಷಾಂತರ ಜನ ನೋಡುವ ಪಾತ್ರದ ಮೈಯನ್ನು ಯಾರೋ ಕಂಪ್ಯೂಟರ್ ಮುಂದೆ ಕೂತು ಅಳತೆ ಹಾಕಿ ಮಾಡಿದ್ದಾರೆ, ಅದು ತಾನಾಗಿ ಹಾಗೆ ಬೆಳೆದಿಲ್ಲ ಎಂಬುದು ಈ ಸಣ್ಣ ಘಟನೆಯಿಂದ ಎಲ್ಲರಿಗೂ ಅರ್ಥವಾಗಬೇಕಾದ ವಿಷಯ.

ಆಟ ಬಿಟ್ಟಿ, ಬಟ್ಟೆಗೆ ಬೆಲೆ

ಪಬ್ಜಿ ಮೊಬೈಲ್, ಫ್ರೀ ಫೈರ್ ಎರಡೂ ಬಿಟ್ಟಿ ಆಟಗಳು. ಹಾಗಾದರೆ ಕಂಪನಿಗೆ ಹಣ ಎಲ್ಲಿಂದ? ಆಟದೊಳಗಿನ ಅಂಗಡಿಯಿಂದ. ಅಲ್ಲಿ ಬಂದೂಕಿಗೆ ಬಣ್ಣ ಸಿಗುತ್ತದೆ, ಪಾತ್ರಕ್ಕೆ ಉಡುಪು ಸಿಗುತ್ತದೆ. ಪಬ್ಜಿಯಲ್ಲಿ ಅದನ್ನು 'ಯುಸಿ' ಕೊಟ್ಟು ಕೊಳ್ಳಬೇಕು, ಫ್ರೀ ಫೈರ್‌ನಲ್ಲಿ 'ಡೈಮಂಡ್' ಕೊಟ್ಟು. ಎರಡನ್ನೂ ನಿಜವಾದ ರೂಪಾಯಿ ಕೊಟ್ಟೇ ಪಡೆಯಬೇಕು. ಎಷ್ಟೋ ಉಡುಪುಗಳು ನೇರವಾಗಿ ಮಾರಾಟಕ್ಕಿರುವುದಿಲ್ಲ. ಚಕ್ರ ತಿರುಗಿಸಬೇಕು, ಪೆಟ್ಟಿಗೆ ಒಡೆಯಬೇಕು, ಅದೃಷ್ಟವಿದ್ದರೆ ಸಿಗುತ್ತದೆ. ಜಾತ್ರೆಯ ಬಳೆ ಎಸೆಯುವ ಆಟದ ಹಾಗೆ.

ಉಡುಪೇ ಸರಕಾದ ಮೇಲೆ ಕಣ್ಣಿಗೆ ಬೀಳುವಂತೆ ಅದನ್ನು ಮಾಡಲೇಬೇಕು. ಗಂಡು ಪಾತ್ರಕ್ಕೆ ಕವಚ, ಕೋಟು, ಮುಖವಾಡ. ಹೆಣ್ಣು ಪಾತ್ರಕ್ಕೆ ತುಂಡು ಬಟ್ಟೆ, ಎತ್ತರದ ಹಿಮ್ಮಡಿ. ಗುಂಡಿನ ಮಳೆಯಲ್ಲಿ ಓಡಬೇಕಾದವಳಿಗೆ ಹಿಮ್ಮಡಿ ಎತ್ತರದ ಚಪ್ಪಲಿ ಯಾಕೆ ಎಂದು ಯಾರೂ ಕೇಳುವುದಿಲ್ಲ. ಎಲ್ಲ ಉಡುಪೂ ಹೀಗೆಯೇ ಇರುತ್ತದೆ ಎಂದರೆ ತಪ್ಪಾಗುತ್ತದೆ. ಮೈತುಂಬ ಬಟ್ಟೆಯವೂ ಬೇಕಾದಷ್ಟಿವೆ. ಆದರೆ ಮೂರನೆಯವನ ಕಣ್ಣಿನಿಂದ ಆಡುವ ಇಂಥ ಆಟಗಳಲ್ಲಿ ಆಟಗಾರ ಹೊತ್ತೆಲ್ಲ ತನ್ನ ಪಾತ್ರದ ಬೆನ್ನನ್ನೇ ನೋಡುತ್ತಿರುತ್ತಾನೆ. ಹಾಗಾಗಿ ಎಷ್ಟೋ ಹುಡುಗರು ಹೆಣ್ಣು ಪಾತ್ರವನ್ನು ಆರಿಸಿಕೊಳ್ಳುವುದು ಹೆಣ್ಣಾಗಿ ಆಡುವುದಕ್ಕಲ್ಲ, ಹೆಣ್ಣನ್ನು ನೋಡುವುದಕ್ಕೆ.

ಇವೆಲ್ಲದರ ನಡುವೆ ಜಾಹೀರಾತು ಬೇರೆ. ಐದು ವರ್ಷದ ಮಗು ಆಡುವ ಬಣ್ಣದ ಗೋಲಿಯ ಆಟದ ಮಧ್ಯೆಯೂ ಇನ್ನಾವುದೋ ಆಟದ ಜಾಹೀರಾತಿನಲ್ಲಿ ಅರೆಬೆತ್ತಲೆ ಹೆಣ್ಣಿನ ಚಿತ್ರ ನುಗ್ಗಿ ಬರುವುದುಂಟು. ಮನೆಯವರು ಆಟವನ್ನು ನೋಡಿ ಸರಿ ಎನ್ನುತ್ತಾರೆ. ನಡುವೆ ಬರುವ ಜಾಹೀರಾತನ್ನು ಯಾರು ನೋಡುತ್ತಾರೆ?

ಮೈಕ್ ಆನ್ ಮಾಡಿದರೆ ಬೈಗುಳ

ಚಿತ್ರ ನೋಡಿದವರೆಲ್ಲ ಕೆಟ್ಟವರಾಗುತ್ತಾರೆಯೇ? ಇಲ್ಲಿ ಎಚ್ಚರಿಕೆಯಿಂದ ಮಾತನಾಡಬೇಕು. ಜರ್ಮನಿಯಲ್ಲಿ 824 ಆಟಗಾರರನ್ನು ಮೂರು ವರ್ಷ ಗಮನಿಸಿದ ಅಧ್ಯಯನವೊಂದು 2015ರಲ್ಲಿ ಪ್ರಕಟವಾಯಿತು. ಹೆಚ್ಚು ಹೊತ್ತು ಆಡುವುದಕ್ಕೂ ಹೆಂಗಸರ ಬಗ್ಗೆ ಕೀಳು ಭಾವನೆ ಬೆಳೆಯುವುದಕ್ಕೂ ಅದರಲ್ಲಿ ನೇರ ಸಂಬಂಧ ಕಾಣಲಿಲ್ಲ. ಹಾಗಾಗಿ ಫೋನ್ ಹಿಡಿದ ಹುಡುಗನೆಲ್ಲ ಪೋಲಿ ಎಂದು ತೀರ್ಮಾನಿಸುವುದು ಅನ್ಯಾಯ.

ಆದರೆ ಆಟದ ಜಾಗದಲ್ಲಿ ಹೆಣ್ಣುದನಿ ಕೇಳಿದ ಕೂಡಲೇ ಏನಾಗುತ್ತದೆ ಎಂಬುದಕ್ಕೆ ಬೇರೆ ಪುರಾವೆ ಇದೆ. 'ಹೇಲೋ 3' ಎಂಬ ಗುಂಡಿನಾಟದಲ್ಲಿ ಅಮೆರಿಕದ ಸಂಶೋಧಕರು ಒಂದು ಪ್ರಯೋಗ ಮಾಡಿದರು. ಒಂದೇ ಬಗೆಯ ಮಾತುಗಳನ್ನು ಒಮ್ಮೆ ಗಂಡಿನ ದನಿಯಲ್ಲಿ, ಒಮ್ಮೆ ಹೆಣ್ಣಿನ ದನಿಯಲ್ಲಿ ಕೇಳಿಸಿದರು. 2013ರಲ್ಲಿ ಪ್ರಕಟವಾದ ಫಲಿತಾಂಶದಂತೆ ಹೆಣ್ಣುದನಿಗೆ ಮೂರು ಪಟ್ಟು ಹೆಚ್ಚು ಕೆಟ್ಟ ಪ್ರತಿಕ್ರಿಯೆ ಬಂತು. ಅದೇ ಆಟದ ಮೇಲೆ 2015ರಲ್ಲಿ ಬಂದ ಇನ್ನೊಂದು ಅಧ್ಯಯನ ಮತ್ತೊಂದು ಕುತೂಹಲದ ಸಂಗತಿ ಹೇಳಿತು: ಹೆಣ್ಣಿನ ಮೇಲೆ ಹೆಚ್ಚು ಹರಿಹಾಯುವವರು ಚೆನ್ನಾಗಿ ಆಡುವವರಲ್ಲ, ಆಟದಲ್ಲಿ ಹಿಂದೆ ಬಿದ್ದವರು! ಸೋತವನ ಸಿಟ್ಟು ಹೆಣ್ಣಿನ ಮೇಲೆ. ಈ ಗಾದೆ ಹೊಸದೇನಲ್ಲ. ಸಾರಾಯಿ ಅಂಗಡಿಯಿಂದ ಮನೆಗೆ ಬರುವ ಗಂಡನನ್ನು ಕಂಡ ಯಾವ ಹೆಂಗಸಿಗೂ ಇದನ್ನು ಸಂಶೋಧಕರು ಬಂದು ಹೇಳಬೇಕಿಲ್ಲ.

ಆಟಗಳಲ್ಲಿ ಹೆಣ್ಣಿನ ಚಿತ್ರಣವನ್ನು ಪ್ರಶ್ನಿಸಿದವರ ಪಾಡು ಇನ್ನೂ ಕಷ್ಟ. 2012ರಲ್ಲಿ ಅನಿತಾ ಸರ್ಕೀಸಿಯನ್ ಎಂಬ ವಿಮರ್ಶಕಿ ಈ ವಿಷಯದ ಮೇಲೆ ವಿಡಿಯೋ ಸರಣಿ ಮಾಡಲು ಜನರಿಂದ ಹಣ ಕೇಳಿದರು. ಹಣ ಬಂತು, ಅದರ ಜೊತೆ ಬೆದರಿಕೆಗಳ ಸುರಿಮಳೆಯೂ ಬಂತು. 2014ರ ಅಕ್ಟೋಬರ್‌ನಲ್ಲಿ ಅಮೆರಿಕದ ಯೂಟಾ ರಾಜ್ಯದ ವಿಶ್ವವಿದ್ಯಾಲಯವೊಂದರಲ್ಲಿ ಅವರ ಭಾಷಣವಿತ್ತು. ಗುಂಡು ಹಾರಿಸುವ ಬೆದರಿಕೆ ಬಂದ ಕಾರಣ ಅದನ್ನು ಅವರು ರದ್ದುಮಾಡಬೇಕಾಯಿತು. ಗೊಂಬೆಯ ಬಟ್ಟೆಯ ಬಗ್ಗೆ ಮಾತಾಡಿದ್ದಕ್ಕೆ ನಿಜವಾದ ಹೆಂಗಸಿಗೆ ಕೊಲೆ ಬೆದರಿಕೆ!

ಮದನ್ ಪ್ರಕರಣವನ್ನು ಈ ಹಿನ್ನೆಲೆಯಲ್ಲಿ ನೋಡಬೇಕು. ಆತನ ಬೈಗುಳಕ್ಕೆ ಲಕ್ಷಗಟ್ಟಲೆ ಕಿವಿಗಳಿದ್ದವು ಎಂಬುದೇ ಹೆಚ್ಚು ಆತಂಕದ ವಿಷಯ. ಬೈಗುಳ ಹೆಚ್ಚಿದಷ್ಟೂ ನೋಡುವವರು ಹೆಚ್ಚಿದರು, ನೋಡುವವರು ಹೆಚ್ಚಿದಷ್ಟೂ ಹಣ ಹೆಚ್ಚಿತು. ಆಟದ ಕಂಪನಿ ಹೆಣ್ಣಿನ ಚಿತ್ರವನ್ನು ಮಾರಿದರೆ, ಇಂಥ ಚಾನೆಲ್‌ಗಳು ಹೆಣ್ಣಿನ ಅವಮಾನವನ್ನು ಮಾರುತ್ತವೆ. ಎರಡಕ್ಕೂ ಗಿರಾಕಿ ಒಬ್ಬನೇ.

ದ್ರೌಪದಿ ಕೇಳಿದ ಪ್ರಶ್ನೆ

ಆಟದಲ್ಲಿ ಹೆಣ್ಣನ್ನು ಪಣಕ್ಕಿಟ್ಟ ಕತೆ ಈ ಭಾಗದವರಿಗೆ ಹೊಸತಲ್ಲ. ಸೇಲಂ, ಧರ್ಮಪುರಿ, ಕೃಷ್ಣಗಿರಿ ಜಿಲ್ಲೆಗಳ ದ್ರೌಪದಿ ಅಮ್ಮನ ಗುಡಿಗಳಲ್ಲಿ ಬೇಸಿಗೆ ಬಂತೆಂದರೆ ಭಾರತದ ಕತೆ ಓದಿಸುತ್ತಾರೆ, ರಾತ್ರಿಯಿಡೀ ತೆರುಕೂತ್ತು ಆಡಿಸುತ್ತಾರೆ. ಪಗಡೆಯಲ್ಲಿ ಧರ್ಮರಾಯ ಸೋಲುವ ರಾತ್ರಿ, ಸೀರೆ ಸೆಳೆಯುವ ರಾತ್ರಿ ಜನ ಕಿಕ್ಕಿರಿದು ಸೇರುತ್ತಾರೆ. ಕೊನೆಯ ದಿನ ಮಣ್ಣಿನಲ್ಲಿ ಮಾಡಿದ ದುರ್ಯೋಧನನ ದೊಡ್ಡ ಆಕೃತಿ ಬಯಲಲ್ಲಿ ಮಲಗಿರುತ್ತದೆ. ಕೆಲವು ಊರುಗಳಲ್ಲಿ ಹೆಂಗಸರು ಪೊರಕೆ ಹಿಡಿದು ಅದಕ್ಕೆ ಬಾರಿಸುವ ಪದ್ಧತಿಯೂ ಇದೆ.

ಅಲ್ಲಿಯೂ ಹೆಣ್ಣಿನ ಮೈಯನ್ನು ಸಭೆಯ ಮುಂದೆ ಎಳೆದು ತರುತ್ತಾರೆ. ಆದರೆ ಕತೆ ಯಾರ ಕಡೆ ನಿಂತಿದೆ ಎಂಬುದು ನೋಡುವ ಮಗುವಿಗೂ ಗೊತ್ತಾಗುತ್ತದೆ. ದ್ರೌಪದಿ ಬಾಯಿ ಬಿಡುತ್ತಾಳೆ. ತನ್ನನ್ನೇ ಸೋತವನಿಗೆ ನನ್ನನ್ನು ಪಣಕ್ಕಿಡಲು ಏನು ಹಕ್ಕು ಎಂದು ತುಂಬಿದ ಸಭೆಯನ್ನು ಕೇಳುತ್ತಾಳೆ. ಭೀಷ್ಮ ದ್ರೋಣರಿಗೂ ಉತ್ತರ ಹೊಳೆಯುವುದಿಲ್ಲ. ಕೂತ್ತಿನಲ್ಲಿ ಅವಳ ಪಾತ್ರ ಮಾಡುವವನು ಗಂಡಸೇ ಆದರೂ ಆ ಪ್ರಶ್ನೆ ಮಾತ್ರ ಹೆಣ್ಣಿನದೇ.

ಫೋನಿನ ಆಟದ ಹೆಣ್ಣಿಗೆ ಪ್ರಶ್ನೆ ಇಲ್ಲ. ಎಂಥ ಉಡುಪು ಹಾಕಿದರೂ ನಗುತ್ತಾಳೆ, ಎಷ್ಟು ಬೈದರೂ ನಗುತ್ತಾಳೆ, ಅಂಗಡಿಯ ಪುಟದಲ್ಲಿ ಸುತ್ತುತ್ತಾ ನಿಲ್ಲುತ್ತಾಳೆ. ಹೆಣ್ಣನ್ನು ತೋರಿಸುವುದೇ ತಪ್ಪು ಎಂದು ಯಾರೂ ಹೇಳುತ್ತಿಲ್ಲ. ಮಾತು ಕಿತ್ತುಕೊಂಡು ಮೈಯನ್ನು ಮಾತ್ರ ಉಳಿಸುವುದು ತಪ್ಪು.

ಬೇರೆ ದಾರಿ ಇಲ್ಲವೆಂದಲ್ಲ. 2020ರಲ್ಲಿ ಪುಣೆಯ ನಾಡಿಂಗ್ ಹೆಡ್ಸ್ ಎಂಬ ಸಣ್ಣ ಸಂಸ್ಥೆ 'ರಾಜಿ' ಎಂಬ ಆಟ ತಂದಿತು. ರಾಕ್ಷಸರು ಹೊತ್ತೊಯ್ದ ತಮ್ಮನನ್ನು ಹುಡುಕಿಕೊಂಡು ಹೋಗುವ ಅಕ್ಕನ ಕತೆ ಅದು, ಬೆಂಬಲಕ್ಕೆ ದುರ್ಗೆ. ಆ ಹುಡುಗಿ ಓಡುತ್ತಾಳೆ, ಹಾರುತ್ತಾಳೆ, ಕಾದಾಡುತ್ತಾಳೆ. ಅವಳ ಉಡುಪು ನೋಡಲು ಯಾರೂ ಹಣ ಕೊಡಬೇಕಿಲ್ಲ.

ಕಾನೂನು ನೋಡುವುದು ಏನನ್ನು?

ಸರ್ಕಾರಗಳು ಆಟಗಳ ಮೇಲೆ ಕೈ ಇಟ್ಟದ್ದು ಬೇರೆ ಕಾರಣಗಳಿಗೆ. ಪಬ್ಜಿ ನಿಷೇಧಕ್ಕೆ ಕೊಟ್ಟ ಕಾರಣ ದೇಶದ ಭದ್ರತೆ. 2022ರ ಫೆಬ್ರವರಿಯಲ್ಲಿ ಫ್ರೀ ಫೈರ್ ನಿಷೇಧವಾದದ್ದೂ ಅದೇ ಹಾದಿಯಲ್ಲಿ. ಅದರ 'ಮ್ಯಾಕ್ಸ್' ಆವೃತ್ತಿ ಉಳಿದುಕೊಂಡಿತು. ಪಬ್ಜಿಯ ಭಾರತೀಯ ರೂಪವಾದ 'ಬಿಜಿಎಂಐ' 2021ರ ಜುಲೈನಲ್ಲಿ ಬಂದು, 2022ರ ಜುಲೈನಲ್ಲಿ ಅಂಗಡಿಯಿಂದ ಇಳಿದು, 2023ರ ಮೇ ತಿಂಗಳಲ್ಲಿ ಮತ್ತೆ ಏರಿತು. ಆಗ ಹದಿನೆಂಟರ ಒಳಗಿನವರಿಗೆ ದಿನಕ್ಕೆ ಮೂರು ಗಂಟೆಯ ಮಿತಿ ಹಾಕಲಾಯಿತು. ರಕ್ತದ ಬಣ್ಣ ಹಸಿರಾಯಿತು. ಹೆಣ್ಣು ಪಾತ್ರದ ಚಿತ್ರಣ ಮಾತ್ರ ಯಾರ ಷರತ್ತಿಗೂ ಬರಲಿಲ್ಲ.

ತಮಿಳುನಾಡು 2022ರಲ್ಲಿ ಆನ್‌ಲೈನ್ ಜೂಜು ನಿಷೇಧ ಮತ್ತು ಆಟಗಳ ನಿಯಂತ್ರಣ ಕಾಯ್ದೆ ಮಾಡಿತು. 2025ರ ಫೆಬ್ರವರಿಯ ನಿಯಮಗಳಲ್ಲಿ ಹಣ ಕಟ್ಟಿ ಆಡುವ ಆಟಗಳಿಗೆ ಮಧ್ಯರಾತ್ರಿ 12ರಿಂದ ಬೆಳಿಗ್ಗೆ 5ರವರೆಗೆ ತಡೆ ಹಾಕಿತು. 2025ರ ಆಗಸ್ಟ್‌ನಲ್ಲಿ ಸಂಸತ್ತು ಹಣದ ಆಟಗಳನ್ನೇ ನಿಷೇಧಿಸುವ ಕಾನೂನನ್ನು ಅಂಗೀಕರಿಸಿತು. ಸಾಲ ಮಾಡಿ ಆಡಿ ಪ್ರಾಣ ಕಳೆದುಕೊಂಡವರ ಮನೆಗಳನ್ನು ನೋಡಿದರೆ ಇವೆಲ್ಲ ಬೇಕಾದ ಕ್ರಮಗಳೇ. ಆದರೆ ಇವುಗಳ ಕಣ್ಣು ಇರುವುದು ಹಣದ ಮೇಲೆ.

ಹೆಣ್ಣಿನ ಅಸಭ್ಯ ಚಿತ್ರಣ ತಡೆಯಲು 1986ರ ಕಾಯ್ದೆಯೊಂದಿದೆ. ಅದು ಜಾಹೀರಾತು, ಪುಸ್ತಕ, ಚಿತ್ರಗಳ ಕಾಲದ್ದು. ವಿದ್ಯುನ್ಮಾನ ಮಾಧ್ಯಮಕ್ಕೂ ಅದನ್ನು ವಿಸ್ತರಿಸಲು 2012ರಲ್ಲಿ ರಾಜ್ಯಸಭೆಗೆ ಬಂದ ತಿದ್ದುಪಡಿ ಮಸೂದೆ ಕಾನೂನಾಗಲೇ ಇಲ್ಲ. ಸಿನಿಮಾಕ್ಕೆ ಸೆನ್ಸಾರ್ ಮಂಡಳಿ ಇದೆ. ಆಟಕ್ಕೆ ಅಂಥ ಸರ್ಕಾರಿ ಮಂಡಳಿ ಇಲ್ಲ. ಪ್ಲೇ ಸ್ಟೋರ್‌ನಲ್ಲಿ 3+, 12+, 16+ ಎಂದು ಕಾಣುವ ವಯಸ್ಸಿನ ಗುರುತು, ಆಟ ತಯಾರಿಸಿದವರೇ ಪ್ರಶ್ನಾವಳಿ ತುಂಬಿ ಪಡೆಯುವ ಅಂತಾರಾಷ್ಟ್ರೀಯ ಪದ್ಧತಿಯದು.

ಊರಹಬ್ಬದ 'ಆಡಲ್ ಪಾಡಲ್' ಕಾರ್ಯಕ್ರಮದ ಉದಾಹರಣೆ ನೋಡಿ. ಅದಕ್ಕೆ ಅನುಮತಿ ಬೇಕೆಂದು ಎಷ್ಟೋ ಊರಿನವರು ಮದ್ರಾಸ್ ಹೈಕೋರ್ಟಿಗೆ ಹೋಗಿದ್ದಾರೆ. ಅಶ್ಲೀಲ ಕುಣಿತ ಇರಬಾರದು, ದ್ವಂದ್ವಾರ್ಥದ ಹಾಡು ಇರಬಾರದು ಎಂದು ನ್ಯಾಯಾಲಯ ಷರತ್ತು ಹಾಕಿಯೇ ಅನುಮತಿ ಕೊಡುತ್ತದೆ. ಪೊಲೀಸರು ಪಕ್ಕದಲ್ಲೇ ನಿಂತಿರುತ್ತಾರೆ, ಊರ ಹಿರಿಯರು ಮುಂದಿನ ಸಾಲಿನಲ್ಲಿರುತ್ತಾರೆ. ಫೋನಿನ ವೇದಿಕೆಗೆ ಪೊಲೀಸೂ ಇಲ್ಲ, ಹಿರಿಯರೂ ಇಲ್ಲ, ಹತ್ತು ಗಂಟೆಯ ಗಡುವೂ ಇಲ್ಲ.

ಫೋನ್ ಕಿತ್ತುಕೊಂಡರೆ ಸೋಲುವವರು ಯಾರು?

ಮದನ್ ಬಂಧನದಂಥ ಸುದ್ದಿ ಬಂದಾಗ ಮನೆಗಳಲ್ಲಿ ಮೊದಲು ಆಗುವ ಕೆಲಸ ಒಂದೇ: ಹುಡುಗಿಯ ಕೈಯಿಂದ ಫೋನ್ ಕಿತ್ತುಕೊಳ್ಳುವುದು. ಬೈದವನ ಫೋನ್ ಅವನ ಬಳಿಯೇ ಇರುತ್ತದೆ, ಬೈಸಿಕೊಂಡವಳ ಫೋನ್ ಬೀರುವಿಗೆ ಹೋಗುತ್ತದೆ. ಇದಕ್ಕೆ ಹೆದರಿಯೇ ಹುಡುಗಿಯರು ಮನೆಯಲ್ಲಿ ಹೇಳುವುದಿಲ್ಲ. ಹುಡುಗನ ಹೆಸರಿಟ್ಟುಕೊಂಡು, ಮೈಕ್ ಮುಚ್ಚಿಕೊಂಡು ಆಡುತ್ತಾರೆ. ಇಲ್ಲವೇ ಆಡುವುದನ್ನೇ ಬಿಡುತ್ತಾರೆ.

ಈ ಜಿಲ್ಲೆಗಳಲ್ಲಿ ಹೆಣ್ಣಿನ ಬೆಲೆ ಎಂಬುದು ಹಗುರವಾದ ಮಾತಲ್ಲ. ಹೆಣ್ಣುಶಿಶು ಹತ್ಯೆ ತಡೆಯಲು ತಮಿಳುನಾಡು ಸರ್ಕಾರ ತೊಟ್ಟಿಲು ಮಗು ಯೋಜನೆಯನ್ನು 1992ರಲ್ಲಿ ಆರಂಭಿಸಿದ್ದು ಸೇಲಂನಲ್ಲಿ. 2001ರ ಜನಗಣತಿಯಲ್ಲಿ ಆರು ವರ್ಷದೊಳಗಿನ ಸಾವಿರ ಗಂಡುಮಕ್ಕಳಿಗೆ ಸೇಲಂನಲ್ಲಿ 851, ಅಂದಿನ ಧರ್ಮಪುರಿಯಲ್ಲಿ 826 ಹೆಣ್ಣುಮಕ್ಕಳು ಮಾತ್ರ ಇದ್ದರು. 2011ರ ಹೊತ್ತಿಗೆ ಎರಡೂ ಕಡೆ ಆ ಸಂಖ್ಯೆ 900 ದಾಟಿತು. ಹೀಗೆ ಉಳಿದು ಬೆಳೆದ ಹೆಣ್ಣುಮಕ್ಕಳೇ ಇಂದು ಕಾಲೇಜು ಓದುತ್ತಿರುವವರು, ಫೋನ್ ಹಿಡಿದು ಪರೀಕ್ಷೆಗೆ ಅರ್ಜಿ ಹಾಕುತ್ತಿರುವವರು. ಓದು, ಉದ್ಯೋಗ, ಬ್ಯಾಂಕು ಎಲ್ಲವೂ ಫೋನಿಗೆ ಬಂದಿರುವ ಕಾಲದಲ್ಲಿ ಅದನ್ನು ಕಿತ್ತುಕೊಂಡರೆ ಕಿತ್ತುಕೊಂಡದ್ದು ಬರೀ ಆಟವನ್ನಲ್ಲ.

2024ರ ಏಪ್ರಿಲ್‌ನಲ್ಲಿ ಪ್ರಧಾನಿ ಮೋದಿ ದೇಶದ ಏಳು ಮಂದಿ ಆಟಗಾರರನ್ನು ಕರೆಸಿ ಮಾತನಾಡಿದರು. ಅವರಲ್ಲಿ ಹೆಣ್ಣುಮಗಳು ಒಬ್ಬಳೇ, ಮಧ್ಯಪ್ರದೇಶದ ಛಿಂದ್ವಾರಾ ಜಿಲ್ಲೆಯ ಪಾಯಲ್ ಧಾರೆ. ಸಣ್ಣ ಊರಿನ ಹುಡುಗಿಯೂ ಇಲ್ಲಿ ಬೆಳೆಯಬಹುದು ಎಂಬುದಕ್ಕೆ ಆಕೆ ಸಾಕ್ಷಿ. ಏಳರಲ್ಲಿ ಒಬ್ಬಳೇ ಯಾಕೆ ಎಂಬುದಕ್ಕೆ ಮೇಲೆ ಹೇಳಿದ ಎಲ್ಲವೂ ಉತ್ತರ.

ಮನೆಯಲ್ಲಿ ಮಾಡಬಹುದಾದದ್ದು

ಮೊದಲನೆಯದು, ಮಗ ಆಡುವ ಆಟವನ್ನು ಒಂದು ಸಂಜೆ ಪಕ್ಕದಲ್ಲಿ ಕೂತು ನೋಡುವುದು. ಬೈಯಲು ಅಲ್ಲ, ನೋಡಲು. 'ಈ ಹುಡುಗಿಗೆ ಯಾಕಪ್ಪ ಇಂಥ ಬಟ್ಟೆ?' ಎಂದು ಅಮ್ಮ ಒಂದು ಮಾತು ಕೇಳಿದರೆ ಸಾಕು, ಅವನು ಅದುವರೆಗೆ ಯೋಚಿಸದ್ದನ್ನು ಯೋಚಿಸುತ್ತಾನೆ. ಪ್ಲೇ ಸ್ಟೋರ್‌ನಲ್ಲಿ ವಯಸ್ಸಿನ ಗುರುತನ್ನು ಓದಿ ಆಟ ಇಳಿಸಿಕೊಳ್ಳಬೇಕು. ಹಣ ಕಟ್ಟುವ ಮುನ್ನ ಪಾಸ್‌ವರ್ಡ್ ಕೇಳುವಂತೆ ಫೋನಿನಲ್ಲಿ ವ್ಯವಸ್ಥೆ ಇದೆ, ಅದನ್ನು ಬಳಸಬೇಕು. ಅಪರಿಚಿತರ ಜೊತೆ ಮಾತನಾಡುವ ಸೌಲಭ್ಯವನ್ನು ಬಹುತೇಕ ಆಟಗಳಲ್ಲಿ ಮುಚ್ಚಬಹುದು.

ಎರಡನೆಯದು ದೂರು. ಅಶ್ಲೀಲ ಬೈಗುಳ, ಬೆನ್ನುಹತ್ತುವುದು, ಫೋಟೊ ತಿದ್ದುವುದು ಇವೆಲ್ಲ ಆಟದ ಭಾಗವಲ್ಲ, ಅಪರಾಧ. ಮಾಹಿತಿ ತಂತ್ರಜ್ಞಾನ ಕಾಯ್ದೆಯ 67 ಮತ್ತು 67ಎ ಕಲಂಗಳು ಅಶ್ಲೀಲ ಪ್ರಸಾರಕ್ಕೆ ಅನ್ವಯಿಸುತ್ತವೆ. ಹೆಣ್ಣಿನ ಮಾನಕ್ಕೆ ಧಕ್ಕೆ ತರುವ ಮಾತಿಗೆ 2024ರ ಜುಲೈನಿಂದ ಭಾರತೀಯ ನ್ಯಾಯ ಸಂಹಿತೆಯ 79ನೇ ಕಲಂ ಇದೆ. ಮಾತುಕತೆಯ ಸ್ಕ್ರೀನ್‌ಶಾಟ್, ಆಟಗಾರನ ಐಡಿ, ದಿನಾಂಕ ಇಟ್ಟುಕೊಂಡರೆ ಜಿಲ್ಲೆಯ ಸೈಬರ್ ಅಪರಾಧ ಠಾಣೆಗೆ ಹೋಗಬಹುದು. ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ಹೆಂಗಸರು, ಮಕ್ಕಳ ವಿಷಯದ ದೂರನ್ನು ಹೆಸರು ಹೇಳದೆಯೂ ಕೊಡಬಹುದು. ಸಹಾಯವಾಣಿ 1930, ಮಕ್ಕಳಿಗೆ 1098, ಮಹಿಳೆಯರಿಗೆ 181.

ಮೂರನೆಯದು ಎಲ್ಲಕ್ಕಿಂತ ಕಷ್ಟ. ಮಗಳು ಬಂದು 'ಆಟದಲ್ಲಿ ಒಬ್ಬ ಹೀಗೆ ಬೈದ' ಎಂದಾಗ 'ನೀನು ಯಾಕೆ ಆಡೋಕೆ ಹೋದೆ?' ಎಂದು ಕೇಳದೆ ಇರುವುದು. ಮದನ್ ಪ್ರಕರಣ ಹೊರಗೆ ಬಂದದ್ದೇ ಕೇಳಿಸಿಕೊಂಡವರು ದೂರು ಕೊಟ್ಟದ್ದರಿಂದ. ಅವರೂ ಸುಮ್ಮನಿದ್ದಿದ್ದರೆ ಆ ಚಾನೆಲ್ ಇನ್ನಷ್ಟು ಕಾಲ ಓಡುತ್ತಿತ್ತು, ನೋಡುವ ಮಕ್ಕಳ ಸಂಖ್ಯೆಯೂ ಏರುತ್ತಿತ್ತು.